ಒಲಿಂಪಿಕ್ ಪದಕವೇ ಇಲ್ಲದ ಸ್ಟೀವ್ ಪ್ರಿಫಾಂಟೇನ್ ಅವರನ್ನು ಅಭಿಮಾನಿಗಳು ಇಂದಿಗೂ ಮರೆಯದಿರುವುದು ಏಕೆ?

ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾಗಿ ಓಟ ಮುಗಿಸಿದ, ಒಂದೇ ಒಂದು ವಿಶ್ವದಾಖಲೆಯನ್ನೂ ಮಾಡದ, 24ನೇ ವಯಸ್ಸಿನಲ್ಲೇ ತೀರಿಕೊಂಡ ಅಮೆರಿಕದ ಓಟಗಾರರೊಬ್ಬರಿಗೆ ಅರ್ಧ ಶತಮಾನ ಕಳೆದ ಮೇಲೂ ಇಷ್ಟೊಂದು ಅಭಿಮಾನಿಗಳು ಹೇಗೆ ಉಳಿದರು, ಇದು ಬರಿಯ ಪ್ರಚಾರದ ಫಲವಲ್ಲವೇ ಎಂದು ನೀವು ಕೇಳಿದ್ದೀರಿ. ಪ್ರಶ್ನೆ ನ್ಯಾಯವಾದದ್ದೇ. ಕಾಲೇಜಿನ ದಿನಗಳಲ್ಲಿ 5,000 ಮೀಟರ್ ಓಡುತ್ತಿದ್ದ ನನಗೂ ಮೊದಲು ಅವರ ಹೆಸರು ಕೇಳಿದಾಗ ಇದೇ ಅನುಮಾನ ಬಂದಿತ್ತು. ಅವರ ಓಟಗಳ ಹಳೆಯ ಚಿತ್ರೀಕರಣಗಳನ್ನು ಒಂದೊಂದಾಗಿ ನೋಡುತ್ತಾ ಹೋದಂತೆ ಆ ಅನುಮಾನ ಕರಗಿತು. ಪ್ರಿಫಾಂಟೇನ್ ಓಡುತ್ತಿದ್ದ ರೀತಿಯಲ್ಲಿ ನೋಡುವವರಿಗೂ ಒಂದು ಪಾಲಿತ್ತು, ಆ ಪಾಲನ್ನು ಪಡೆದವರು ಅದನ್ನು ಕಳೆದುಕೊಳ್ಳಲು ಒಪ್ಪಲಿಲ್ಲ ಎಂಬುದೇ ನನ್ನ ಉತ್ತರ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲು ಓಟದ ರೀತಿಯನ್ನು ನೋಡೋಣ. 5,000 ಮೀಟರ್ ಎಂದರೆ ಟ್ರ್ಯಾಕ್‌ನಲ್ಲಿ ಹನ್ನೆರಡೂವರೆ ಸುತ್ತು. ಮುಂದೆ ಓಡುವವನು ಎದುರುಗಾಳಿಯನ್ನೂ ವೇಗದ ಲೆಕ್ಕವನ್ನೂ ತಾನೊಬ್ಬನೇ ಹೊರಬೇಕು. ಅವನ ಬೆನ್ನಿಗೇ ಅಂಟಿಕೊಂಡು ಓಡುವವನು ಅಷ್ಟರಮಟ್ಟಿಗೆ ಶಕ್ತಿಯನ್ನು ಉಳಿಸಿಕೊಂಡು, ಕೊನೆಯ ಸುತ್ತಿನಲ್ಲಿ ಒಮ್ಮೆಲೇ ವೇಗ ಹೆಚ್ಚಿಸಿ ಮುನ್ನುಗ್ಗಬಹುದು. ಆದ್ದರಿಂದಲೇ ದೊಡ್ಡ ಕೂಟಗಳ ಅಂತಿಮ ಓಟಗಳು ಬಹಳ ಸಲ ಮೊದಲ ಹತ್ತು ಸುತ್ತು ನಿಧಾನವಾಗಿ ಸಾಗುತ್ತವೆ. ಎಲ್ಲರೂ ಒಬ್ಬರನ್ನೊಬ್ಬರು ನೋಡಿಕೊಂಡು ಓಡುತ್ತಾರೆ, ಗ್ಯಾಲರಿಯಲ್ಲಿ ಕುಳಿತವರು ಕೊನೆಯ ಸುತ್ತನ್ನು ಸಾರುವ ಗಂಟೆಯ ಸದ್ದಿಗಾಗಿ ಕಾಯುತ್ತಾರೆ. ಪ್ರಿಫಾಂಟೇನ್ ಅವರಿಗೆ ಈ ಕಾಯುವಿಕೆ ಹಿಡಿಸುತ್ತಿರಲಿಲ್ಲ. ಅವರು ಮುಂದೆ ಹೋಗುತ್ತಿದ್ದರು, ಮುಂದೆಯೇ ಇರುತ್ತಿದ್ದರು, ಹಿಂದಿನವರ ಕಾಲಿನ ಚುರುಕು ಕೊನೆಯ ಸುತ್ತಿಗೆ ಮೊದಲೇ ಇಂಗಿಹೋಗುವಂತೆ ವೇಗವನ್ನು ಎಳೆಯುತ್ತಿದ್ದರು. ಅತ್ಯಂತ ವೇಗಿ ಯಾರೆಂದು ನೋಡುವುದಕ್ಕಲ್ಲ, ಯಾರಲ್ಲಿ ಹೆಚ್ಚು ಗುಂಡಿಗೆಯಿದೆ ಎಂದು ನೋಡುವುದಕ್ಕೆ ತಾನು ಓಡುವುದಾಗಿ ಅವರು ಹೇಳಿದ ಮಾತು ಓಟಗಾರರ ನಡುವೆ ಇಂದಿಗೂ ಓಡಾಡುತ್ತಿದೆ. ತಂತ್ರವಾಗಿ ನೋಡಿದರೆ ಅದು ದುಬಾರಿಯಾದ ಹಾದಿ. ಆದರೆ ನೋಡುವವನಿಗೆ ಮೊದಲ ಸುತ್ತಿನಿಂದಲೇ ಓಟ ಶುರುವಾಗಿರುತ್ತದೆ, ಓಡುವವನು ಏನನ್ನೂ ಬಚ್ಚಿಟ್ಟುಕೊಂಡಿಲ್ಲ ಎಂಬುದು ಅವನ ಕಣ್ಣಿಗೇ ಕಾಣುತ್ತಿರುತ್ತದೆ.

ಅವರು ಹುಟ್ಟಿದ್ದು 1951ರ ಜನವರಿ 25ರಂದು, ಅಮೆರಿಕದ ಆರೆಗನ್ ರಾಜ್ಯದ ಕರಾವಳಿಯ ಕೂಸ್ ಬೇ ಎಂಬ ಊರಿನಲ್ಲಿ. ಮರದ ವ್ಯಾಪಾರ ಮತ್ತು ಬಂದರನ್ನು ನಂಬಿ ಬದುಕುವ ಊರು ಅದು, ದುಡಿಯುವ ಜನರ ಮನೆಯ ಮಗ ಅವರು. 1969ರಲ್ಲಿ ಎರಡು ಮೈಲಿಯನ್ನು 8 ನಿಮಿಷ 41.5 ಸೆಕೆಂಡುಗಳಲ್ಲಿ ಓಡಿ ಅಮೆರಿಕದ ಪ್ರೌಢಶಾಲಾ ದಾಖಲೆ ಮಾಡಿದರು. ಅದೇ ವರ್ಷ ಯೂಜೀನ್ ನಗರದ ಆರೆಗನ್ ವಿಶ್ವವಿದ್ಯಾಲಯಕ್ಕೆ ಸೇರಿ, ಬಿಲ್ ಬೋವರ್‌ಮನ್ ಮತ್ತು ಬಿಲ್ ಡೆಲಿಂಜರ್ ಅವರ ಗರಡಿಯಲ್ಲಿ ಪಳಗಿದರು. ವಿಶ್ವವಿದ್ಯಾಲಯಗಳ ರಾಷ್ಟ್ರೀಯ ಕೂಟದಲ್ಲಿ ಮೂರು ಮೈಲಿಯ (1972ರಲ್ಲಿ 5,000 ಮೀಟರ್‌ನ) ಓಟವನ್ನು 1970ರಿಂದ 1973ರವರೆಗೆ ಸತತ ನಾಲ್ಕು ವರ್ಷ ಗೆದ್ದರು. ತೀರಿಕೊಂಡಾಗ 2,000 ಮೀಟರ್‌ನಿಂದ 10,000 ಮೀಟರ್‌ವರೆಗಿನ ಪ್ರತಿಯೊಂದು ದೂರದಲ್ಲೂ ಅಮೆರಿಕದ ದಾಖಲೆ ಅವರ ಹೆಸರಿನಲ್ಲಿತ್ತು. ಪದಕವಿಲ್ಲ ಎಂಬ ಒಂದೇ ಅಳತೆಯಿಂದ ಅವರನ್ನು ತೂಗುವವರು ಈ ಸಂಗತಿಯನ್ನು ಗಮನಿಸುವುದಿಲ್ಲ ಎಂಬುದು ನನ್ನ ತಕರಾರು.

ಅಭಿಮಾನದ ಕಥೆ ಮಾತ್ರ ಯೂಜೀನ್‌ನ ಹೇವರ್ಡ್ ಫೀಲ್ಡ್ ಎಂಬ ಕ್ರೀಡಾಂಗಣದಲ್ಲೇ ನಡೆದದ್ದು. ಅಲ್ಲಿ ಅವರು ಒಂದು ಮೈಲಿಗಿಂತ ಹೆಚ್ಚು ದೂರದ ಯಾವ ಓಟವನ್ನೂ ಸೋಲಲಿಲ್ಲ. ಟ್ರ್ಯಾಕ್‌ನ ಪಕ್ಕಕ್ಕೇ ಇದ್ದ ಗ್ಯಾಲರಿಯಲ್ಲಿ ಜನರು ಅವರ ಹೆಸರನ್ನು ಮೊಟಕುಗೊಳಿಸಿ ‘ಪ್ರೀ, ಪ್ರೀ’ ಎಂದು ಕೂಗುತ್ತಿದ್ದರು, ಮತ್ತು ತಮ್ಮನ್ನು ಪ್ರೀಯ ಜನರೆಂದೇ ಕರೆದುಕೊಳ್ಳುತ್ತಿದ್ದರು. ಕೂಗು ಒಂದೇ ಕಡೆಯಿಂದ ಹೋಗುತ್ತಿರಲಿಲ್ಲ. ಬೆಚ್ಚಗಾಗಲು ಓಡುವಾಗಲೂ ಗೆದ್ದು ಸುತ್ತು ಹಾಕುವಾಗಲೂ ಅವರು ಜನರತ್ತ ತಿರುಗುತ್ತಿದ್ದರು, ಅವರೊಂದಿಗೆ ಮಾತಾಡುತ್ತಿದ್ದರು. 1972ರ ಒಲಿಂಪಿಕ್ ಆಯ್ಕೆ ಕೂಟವೂ ಅಲ್ಲೇ ನಡೆಯಿತು. ಎದುರಾಳಿಗಳ ಕಡೆಯವರು ‘ಪ್ರೀಯನ್ನು ತಡೆಯಿರಿ’ ಎಂದು ಬರೆಸಿದ ಟೀ ಶರ್ಟುಗಳನ್ನು ಹಂಚಿದ್ದರು. ಪ್ರಿಫಾಂಟೇನ್ 13 ನಿಮಿಷ 22.8 ಸೆಕೆಂಡುಗಳಲ್ಲಿ ಓಡಿ ಅಮೆರಿಕದ ದಾಖಲೆಯೊಂದಿಗೆ ಗೆದ್ದರು, ಆಮೇಲೆ ಅದೇ ಟೀ ಶರ್ಟನ್ನು ಇಸಿದುಕೊಂಡು ಮೈಮೇಲೆ ಹಾಕಿಕೊಂಡು ವಿಜಯದ ಸುತ್ತು ಬಂದರು. ಆ ಸುತ್ತಿನಲ್ಲಿ ಗ್ಯಾಲರಿಗೂ ಟ್ರ್ಯಾಕ್‌ಗೂ ನಡುವಿನ ಬೇಲಿ ಇದ್ದೂ ಇಲ್ಲದಂತಾಗಿತ್ತು ಎಂದೇ ನನಗೆ ತೋರುತ್ತದೆ.

ಇನ್ನು 1972ರ ಒಲಿಂಪಿಕ್ಸ್ ನಡೆದ ಮ್ಯೂನಿಕ್. ಅಭಿಮಾನಿಗಳು ಅತಿ ಹೆಚ್ಚು ಮಾತಾಡುವುದು ಅವರು ಗೆದ್ದ ಓಟಗಳ ಬಗ್ಗೆ ಅಲ್ಲ, ಸೋತ ಈ ಓಟದ ಬಗ್ಗೆ. ಇಸ್ರೇಲ್ ತಂಡದ 11 ಮಂದಿಯ ಹತ್ಯೆಯಾಗಿ, ಕ್ರೀಡಾಕೂಟವೇ ನಿಂತು ಮತ್ತೆ ಶುರುವಾದ ದಿನಗಳವು. 5,000 ಮೀಟರ್ ಅಂತಿಮ ಓಟ ನಡೆದದ್ದು 1972ರ ಸೆಪ್ಟೆಂಬರ್ 10ರಂದು. ಪ್ರಿಫಾಂಟೇನ್ ಅವರಿಗೆ ಆಗ 21 ವರ್ಷ. ಎದುರಿಗೆ ಫಿನ್ಲೆಂಡ್‌ನ ಲಸ್ಸೆ ವಿರೆನ್, ಟ್ಯುನೀಷಿಯಾದ ಮೊಹಮ್ಮದ್ ಗಮ್ಮೂದಿ, ಬ್ರಿಟನ್‌ನ ಇಯಾನ್ ಸ್ಟೂವರ್ಟ್ ಇದ್ದರು. ವಿರೆನ್ ಕೆಲವೇ ದಿನಗಳ ಹಿಂದೆ 10,000 ಮೀಟರ್‌ನಲ್ಲಿ ನಡುವೆ ಬಿದ್ದೂ ಎದ್ದು ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದಿದ್ದರು. 5,000 ಮೀಟರ್ ಓಟ ನಿಧಾನವಾಗಿಯೇ ಸಾಗಿತು, ಪ್ರಿಫಾಂಟೇನ್ ಅವರಿಗೆ ಒಗ್ಗದ ರೀತಿಯ ಓಟ ಅದು. ನಾಲ್ಕು ಸುತ್ತು ಉಳಿದಿರುವಾಗ ಅವರು ಮುಂದೆ ಬಂದು ವೇಗವನ್ನು ಏರಿಸತೊಡಗಿದರು. ಒಂದೊಂದು ಸುತ್ತಿಗೂ ಗುಂಪು ತೆಳುವಾಗುತ್ತಾ ಬಂದು ಕೊನೆಗೆ ಬೆರಳೆಣಿಕೆಯಷ್ಟು ಜನ ಉಳಿದರು. ಕೊನೆಯ ಸುತ್ತಿನಲ್ಲಿ ವಿರೆನ್ ಮತ್ತು ಗಮ್ಮೂದಿ ದಾಟಿದಾಗ ಅವರು ಸುಮ್ಮನಾಗಲಿಲ್ಲ, ಹೊರಗಿನಿಂದ ಸುತ್ತಿಕೊಂಡು ಮತ್ತೆ ಮುಂದಕ್ಕೆ ನುಗ್ಗಲು ಹೊರಟರು.

ಈ ಭಾಗವನ್ನು ನಾನು ನಿಲ್ಲಿಸಿ ನಿಲ್ಲಿಸಿ ನೋಡಿದ್ದೇನೆ. ಕೊನೆಯ ತಿರುವಿನಿಂದ ಹೊರಬರುವಾಗ ಅವರು ಮೂರನೆಯ ಸ್ಥಾನದಲ್ಲಿದ್ದಾರೆ, ಕಂಚು ಕೈಯಳತೆಯಲ್ಲಿದೆ. ಅಷ್ಟೊತ್ತಿಗೆ ಅವರ ಭುಜಗಳು ಬಿಗಿದುಕೊಂಡು ಮೇಲೇರಿವೆ, ಹೆಜ್ಜೆ ಗಿಡ್ಡವಾಗಿದೆ, ತಲೆ ಆಡತೊಡಗಿದೆ. ಕೊನೆಯ ಕೆಲವು ಮೀಟರುಗಳಲ್ಲಿ ಅವರು ಅಕ್ಷರಶಃ ತೂರಾಡುತ್ತಿದ್ದಾರೆ, ಅಲ್ಲೇ ಸ್ಟೂವರ್ಟ್ ಪಕ್ಕದಿಂದ ಹಾದುಹೋಗುತ್ತಾರೆ. ವಿರೆನ್ 13 ನಿಮಿಷ 26.4 ಸೆಕೆಂಡು, ಸ್ಟೂವರ್ಟ್ 13 ನಿಮಿಷ 27.6, ಪ್ರಿಫಾಂಟೇನ್ 13 ನಿಮಿಷ 28.4. ಕಂಚಿಗೂ ಅವರಿಗೂ ನಡುವೆ ಉಳಿದದ್ದು 0.8 ಸೆಕೆಂಡು. ಎರಡನೆಯ ಅಥವಾ ಮೂರನೆಯ ಸ್ಥಾನಕ್ಕೆಂದು ಲೆಕ್ಕ ಹಾಕಿ ಓಡಿದ್ದರೆ ಪದಕ ಸಿಗುತ್ತಿತ್ತೇನೋ ಎಂದು ವಾದಿಸುವವರಿದ್ದಾರೆ, ಅದರಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಹಾಗೆ ಲೆಕ್ಕ ಹಾಕಿ ಕಂಚು ತಂದಿದ್ದ ಪ್ರಿಫಾಂಟೇನ್ ಅವರನ್ನು ಇಂದು ಯಾರಾದರೂ ಇಷ್ಟು ಪ್ರೀತಿಯಿಂದ ನೆನೆಯುತ್ತಿದ್ದರೇ ಎಂಬುದು ನನ್ನ ಮರುಪ್ರಶ್ನೆ. ಎರಡು ಒಲಿಂಪಿಕ್ಸ್‌ಗಳಲ್ಲಿ ಒಟ್ಟು ನಾಲ್ಕು ಚಿನ್ನ ಗೆದ್ದ ವಿರೆನ್ ನಿಸ್ಸಂದೇಹವಾಗಿ ಹೆಚ್ಚು ದೊಡ್ಡ ವಿಜೇತರು, ಅವರ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೂ ಆ ಚಿತ್ರೀಕರಣವನ್ನು ನೋಡುವಾಗಲೆಲ್ಲ ಕಣ್ಣು ನಾಲ್ಕನೆಯವನ ಮೇಲೆಯೇ ನಿಲ್ಲುತ್ತದೆ.

ಮ್ಯೂನಿಕ್ ನಂತರದ ಮೂರು ವರ್ಷಗಳನ್ನು ಗಮನಿಸದಿದ್ದರೆ ಅಭಿಮಾನದ ಇನ್ನೊಂದು ಬೇರು ಕಾಣುವುದಿಲ್ಲ. ಆ ಕಾಲದಲ್ಲಿ ಒಲಿಂಪಿಕ್ಸ್‌ಗೆ ಹೋಗಬೇಕಾದವರು ಹವ್ಯಾಸಿಗಳಾಗಿಯೇ ಉಳಿಯಬೇಕಿತ್ತು. ಓಟದಿಂದ ಹಣ ಪಡೆಯುವಂತಿರಲಿಲ್ಲ, ಎಲ್ಲಿ ಯಾರೊಂದಿಗೆ ಓಡಬೇಕೆಂಬುದನ್ನೂ ಹವ್ಯಾಸಿ ಕ್ರೀಡಾ ಒಕ್ಕೂಟವೇ ನಿರ್ಧರಿಸುತ್ತಿತ್ತು. ಅಮೆರಿಕದ ಅತ್ಯುತ್ತಮ ದೂರ ಓಟಗಾರ ಟ್ರೇಲರ್ ಮನೆಯಲ್ಲಿ ವಾಸಿಸುತ್ತಾ, ಸರ್ಕಾರ ಬಡವರಿಗೆ ಕೊಡುವ ಆಹಾರ ಚೀಟಿಗಳಲ್ಲಿ ಹೊಟ್ಟೆ ಹೊರೆಯುತ್ತಾ, ಬಾರ್ ಒಂದರಲ್ಲಿ ಕೆಲಸ ಮಾಡುತ್ತಾ ತರಬೇತಿ ನಡೆಸುತ್ತಿದ್ದರು. ವೃತ್ತಿಪರ ಕೂಟದವರು ಮುಂದಿಟ್ಟ ಸುಮಾರು 2,00,000 ಡಾಲರ್‌ನ ಒಪ್ಪಂದವನ್ನು ಅವರು ಬೇಡವೆಂದರು, ಏಕೆಂದರೆ 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಅವರ ಕಣ್ಣ ಮುಂದಿತ್ತು. ಹಾಗೆಂದು ಬಾಯಿ ಮುಚ್ಚಿಕೊಂಡಿರಲಿಲ್ಲ. ಓಟಗಾರರನ್ನು ಈ ರೀತಿ ನಡೆಸಿಕೊಳ್ಳುವುದನ್ನು ಪತ್ರಿಕೆಗಳ ಮುಂದೆ ಖಾರವಾಗಿಯೇ ಖಂಡಿಸಿದರು. ಒಕ್ಕೂಟದ ಹಂಗಿಲ್ಲದೆ ತಾವೇ ಫಿನ್ಲೆಂಡ್‌ನ ಓಟಗಾರರನ್ನು 1975ರ ಮೇ ತಿಂಗಳಲ್ಲಿ ಆರೆಗನ್‌ಗೆ ಕರೆಸಿ ಓಟಗಳನ್ನು ಏರ್ಪಡಿಸಿದರು. ಹುಟ್ಟೂರು ಕೂಸ್ ಬೇಯಲ್ಲೂ ಓಟವಿಟ್ಟು, ತಮ್ಮ ಊರಿನವರ ಕಣ್ಣೆದುರೇ 2,000 ಮೀಟರ್‌ನಲ್ಲಿ 5 ನಿಮಿಷ 1.4 ಸೆಕೆಂಡುಗಳ ಅಮೆರಿಕದ ದಾಖಲೆ ಮಾಡಿದರು. 1978ರಲ್ಲಿ ಅಮೆರಿಕದ ಸಂಸತ್ತು ಕಾನೂನು ತಂದು ಆ ಒಕ್ಕೂಟದ ಹಿಡಿತವನ್ನು ಮುರಿಯಿತು. ಅದೆಲ್ಲ ಅವರೊಬ್ಬರಿಂದಲೇ ಆಯಿತೆನ್ನುವುದು ಅತಿಶಯೋಕ್ತಿ, ಆದರೆ ಒಕ್ಕೂಟದ ವಿರುದ್ಧ ಎದ್ದ ದನಿಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಕೇಳಿಸಿದ್ದು ಅವರದು.

ಇದರ ನಡುವೆ ಅವರು ಆರೆಗನ್ ರಾಜ್ಯದ ಸೆರೆಮನೆಗೆ ಹೋಗಿ ಕೈದಿಗಳಿಗೆ ಓಟವನ್ನು ಕಲಿಸುತ್ತಿದ್ದರು. ಆಗಿನ್ನೂ ಚಿಕ್ಕ ಕಂಪನಿಯಾಗಿದ್ದ ನೈಕಿಯ ಪರವಾಗಿ ದೇಶದ ನಾನಾ ಓಟಗಾರರಿಗೆ ಶೂಗಳನ್ನು ಕಳಿಸುತ್ತಿದ್ದರು. ಅಂಥ ಒಂದು ಜೊತೆಯನ್ನು ತೊಟ್ಟೇ ಬಿಲ್ ರಾಡ್ಜರ್ಸ್ 1975ರ ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನ್ ಗೆದ್ದರು. ಪ್ರಚಾರದ ಬಗ್ಗೆ ನೀವು ಎತ್ತಿದ ಮಾತಿಗೆ ಇಲ್ಲೇ ಉತ್ತರಿಸುತ್ತೇನೆ. ಆ ಕಂಪನಿ ಬೆಳೆದ ಮೇಲೆ ಅವರ ಹೆಸರನ್ನು ಧಾರಾಳವಾಗಿ ಬಳಸಿಕೊಂಡದ್ದು ನಿಜ, 1990ರ ದಶಕದ ಕೊನೆಯಲ್ಲಿ ಎರಡು ಚಲನಚಿತ್ರಗಳು ಬಂದು ಹೊಸ ತಲೆಮಾರಿಗೆ ಅವರನ್ನು ಪರಿಚಯಿಸಿದ್ದೂ ನಿಜ. ಆದರೆ ಜಾಹೀರಾತಿಗೆ ಮುಂಚೆಯೇ ಜನರಿದ್ದರು.

1975ರ ಮೇ 29ರ ಸಂಜೆ ಹೇವರ್ಡ್ ಫೀಲ್ಡ್‌ನಲ್ಲಿ ಅವರು 5,000 ಮೀಟರ್ ಓಟವನ್ನು 13 ನಿಮಿಷ 23.8 ಸೆಕೆಂಡುಗಳಲ್ಲಿ ಗೆದ್ದರು. ರಾತ್ರಿ ಗೆಳೆಯರ ಕೂಟ ಮುಗಿಸಿ, ಮ್ಯಾರಥಾನ್ ಚಿನ್ನದ ಪದಕ ವಿಜೇತ ಫ್ರಾಂಕ್ ಶಾರ್ಟರ್ ಅವರನ್ನು ಬಿಟ್ಟು ಹಿಂದಿರುಗುವಾಗ ಸ್ಕೈಲೈನ್ ಬುಲೆವಾರ್ಡ್‌ನ ತಿರುವಿನಲ್ಲಿ ಅವರ ಕಾರು ಬಂಡೆಗೆ ಬಡಿದು ಮಗುಚಿತು. ಮಧ್ಯರಾತ್ರಿ ಕಳೆದಿತ್ತು, ತಾರೀಖು 30 ಆಗಿತ್ತು. ಅವರ ರಕ್ತದಲ್ಲಿ ಮದ್ಯದ ಪ್ರಮಾಣ ಮಿತಿ ಮೀರಿತ್ತೆಂದು ಪೊಲೀಸರು ಹೇಳಿದರು, ಅದನ್ನು ಒಪ್ಪದವರು ಇಂದಿಗೂ ಇದ್ದಾರೆ. ಅಭಿಮಾನಿಗಳು ಈ ಮಾತನ್ನು ಮುಚ್ಚಿಡಬಾರದು ಎಂದೇ ನಾನು ಭಾವಿಸುತ್ತೇನೆ. ಅವರು ದೇವರಾಗಿರಲಿಲ್ಲ, 24 ವರ್ಷದ ಹುಡುಗನಾಗಿದ್ದರು. ಕೆಲವು ದಿನಗಳ ನಂತರ ಹೇವರ್ಡ್ ಫೀಲ್ಡ್‌ನಲ್ಲಿ ಶ್ರದ್ಧಾಂಜಲಿ ಸಭೆ ಸೇರಿದಾಗ ಖಾಲಿ ಟ್ರ್ಯಾಕ್‌ನ ಮುಂದೆ ಗಡಿಯಾರವನ್ನು ಓಡಬಿಟ್ಟರು. ಮೂರು ಮೈಲಿಯನ್ನು ಅಷ್ಟರಲ್ಲಿ ಮುಗಿಸಬೇಕೆಂದು ಅವರು ಆಸೆಪಟ್ಟಿದ್ದ 12 ನಿಮಿಷ 36 ಸೆಕೆಂಡುಗಳತ್ತ ಅಂಕಿ ಏರುತ್ತಿದ್ದಂತೆ ಜನರೆಲ್ಲ ಎದ್ದು ನಿಂತು, ಯಾರೂ ಓಡದ ಓಟಕ್ಕೆ ಕೂಗು ಹಾಕಿದರು. ಜೂನ್‌ನಲ್ಲಿ ನಡೆಯಬೇಕಿದ್ದ ಕೂಟಕ್ಕೆ ಕೆಲವೇ ದಿನಗಳಲ್ಲಿ ಅವರ ಹೆಸರಿಟ್ಟರು. ಪ್ರಿಫಾಂಟೇನ್ ಕ್ಲಾಸಿಕ್ ಎಂಬ ಆ ಕೂಟ ಇಂದು ಡೈಮಂಡ್ ಲೀಗ್ ಎಂಬ ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಕೂಟಗಳ ಸರಣಿಯ ಭಾಗ. ಅವರ 13 ನಿಮಿಷ 22.8 ಸೆಕೆಂಡು ಒಲಿಂಪಿಕ್ ಆಯ್ಕೆ ಕೂಟದ ದಾಖಲೆಯಾಗಿ ಸರಿಯಾಗಿ 40 ವರ್ಷ ಉಳಿಯಿತು. 2012ರಲ್ಲಿ ಅದೇ ಮೈದಾನದಲ್ಲಿ ಆರೆಗನ್‌ನವರೇ ಆದ ಗೇಲನ್ ರಪ್ ಅದನ್ನು 13 ನಿಮಿಷ 22.67 ಸೆಕೆಂಡಿಗೆ ಇಳಿಸಿದರು.

ಕೆಲವು ವರ್ಷಗಳ ಹಿಂದೆ ನಾನು ಆ ಬಂಡೆಯನ್ನು ನೋಡಲು ಹೋಗಿದ್ದೆ. ಮನೆಗಳ ನಡುವೆ ಗುಡ್ಡ ಹತ್ತುವ ಕಿರಿದಾದ ರಸ್ತೆ, ಒಂದು ತಿರುವು, ಪಕ್ಕದಲ್ಲಿ ಕಡಿದಾದ ಕಲ್ಲು, ಅದರ ಮೇಲೆ ಬಿಳಿ ಬಣ್ಣದಲ್ಲಿ ಅವರ ಹೆಸರು ಮತ್ತು ತೀರಿಕೊಂಡ ದಿನಾಂಕ. ಕೆಳಗೆ ಸ್ಮಾರಕ ಶಿಲೆ. ಸುತ್ತ ಮಳೆಯಲ್ಲಿ ನೆನೆದು ಬಣ್ಣಗೆಟ್ಟ ಶೂಗಳು, ಪದಕಗಳು, ಶಾಲಾ ತಂಡಗಳ ಬನಿಯನ್‌ಗಳು, ಕಲ್ಲಿನಡಿ ಮಡಿಸಿಟ್ಟ ಚೀಟಿಗಳು. ಹೂವು ತಂದವರು ಕಡಿಮೆ, ಬಹುತೇಕರು ತಾವು ಬೆವರು ಸುರಿಸಿ ಗಳಿಸಿದ್ದನ್ನೇ ಬಿಟ್ಟುಹೋಗಿದ್ದರು. ಪ್ರಿಫಾಂಟೇನ್ ಬದುಕಿದ್ದಾಗ ಹುಟ್ಟಿಯೇ ಇರದಿದ್ದವರು ಅವರಲ್ಲಿ ಎಷ್ಟೋ ಮಂದಿ. ನಾನು ನಿಂತಿದ್ದಾಗ ಇಬ್ಬರು ಹುಡುಗಿಯರು ಓಡುತ್ತಾ ಗುಡ್ಡ ಹತ್ತಿ ಬಂದು, ಕಲ್ಲನ್ನು ಮುಟ್ಟಿ, ಮಾತಾಡದೆ ಮತ್ತೆ ಓಡುತ್ತಾ ಇಳಿದುಹೋದರು. ನೆಲದ ಮೇಲಿದ್ದ ಒಂದು ಎದೆಸಂಖ್ಯೆಯ ಹಾಳೆ ಗಾಳಿಗೆ ತಿರುವಿಕೊಂಡಿತ್ತು, ಅದರ ಹಿಂಬದಿಯಲ್ಲಿ ಯಾರೋ ಪೆನ್ನಿನಿಂದ ತಮ್ಮ ಸುತ್ತುಗಳ ವೇಳೆಯನ್ನು ಸಾಲಾಗಿ ಬರೆದಿದ್ದರು. ಮೊದಲ ಸುತ್ತುಗಳು ತೀರಾ ವೇಗವಾಗಿದ್ದವು, ಕೊನೆಯ ಮೂರು ಬಹಳ ನಿಧಾನವಾಗಿದ್ದವು, ಎಷ್ಟನೆಯವರಾಗಿ ಮುಗಿಸಿದರೆಂಬುದನ್ನು ಬರೆದಿರಲಿಲ್ಲ. ಹಾಳೆಯನ್ನು ಮೊದಲಿದ್ದಂತೆಯೇ ಇಟ್ಟು, ಹಾರಿಹೋಗದಿರಲೆಂದು ಅದರ ಮೇಲೊಂದು ಕಲ್ಲು ಹೇರಿ ಬಂದೆ.