ಮರಿಯಾನೆ ಲದ್ದಿ ತಿಂದರೆ ತಪ್ಪೇನು, ಮೇಷ್ಟ್ರೇ?

ಪತ್ರ: ಕಳೆದ ಸಂಚಿಕೆಯಲ್ಲಿ ಮರಿಯಾನೆ ತಾಯಿಯ ಲದ್ದಿ ತಿನ್ನುವ ಚಿತ್ರವನ್ನು ಪುಟದ ತುಂಬ ಹಾಕಿದ್ದೀರಿ. ನಮ್ಮ ಶಾಲೆಯ ಮಕ್ಕಳು ಅದನ್ನು ನೋಡಿ ಮುಖ ಸಿಂಡರಿಸಿದರು. ಕಾಡು ಉಳಿದರೆ ಪ್ರಾಣಿ ಉಳಿಯುತ್ತದೆ. ಹೊಟ್ಟೆಯೊಳಗಿನ ಕ್ರಿಮಿಗಳ ಕಥೆ ಯಾಕೆ? ಅದರ ಬದಲು ಹಸಿದ ಜಿಂಕೆಗಳಿಗೆ ಕಾಳು ಹಾಕುವ ಬಗ್ಗೆ ಬರೆಯಿರಿ. — ಒಬ್ಬ ಶಿಕ್ಷಕ

ಸಂಪಾದಕರ ಉತ್ತರ: ಮೇಷ್ಟ್ರೇ, ಕಾಡು ಮೊದಲು. ಅದರಲ್ಲಿ ಎರಡು ಮಾತಿಲ್ಲ. ಮಕ್ಕಳ ಜೊತೆ ಕೂತು ಪತ್ರಿಕೆ ಓದುವ ನಿಮ್ಮಂಥವರು ಇರುವುದರಿಂದಲೇ ನಮಗೂ ಬರೆಯುವ ಹುರುಪು. ಆದರೆ ಆ ಚಿತ್ರ ಹಾಕಿದ್ದಕ್ಕೆ ನನಗೆ ಬೇಸರವಿಲ್ಲ.

ಸೊಪ್ಪು, ತೊಗಟೆಯ ನಾರನ್ನು ಆನೆ ತಾನೇ ಕರಗಿಸಿಕೊಳ್ಳಲಾರದು. ಆ ಕೆಲಸ ಮಾಡುವುದು ಕರುಳಿನ ಸೂಕ್ಷ್ಮಜೀವಿಗಳು. ಹುಟ್ಟಿದ ಮರಿಗೆ ಅವು ಸಾಕಷ್ಟು ಇರುವುದಿಲ್ಲ. ತಾಯಿಯ, ಹಿಂಡಿನ ಇತರ ಆನೆಗಳ ಲದ್ದಿ ತಿಂದೇ ಅದು ಅವನ್ನು ಪಡೆಯಬೇಕು. ಅಂದರೆ ಹಾಲಿನಂತೆ ಲದ್ದಿಯೂ ಬೇಕು, ಅಲ್ವಾ?

ಆಸ್ಟ್ರೇಲಿಯಾದ ಕೋಲಾ ಇನ್ನೂ ಚೆನ್ನಾಗಿ ಪಾಠ ಹೇಳುತ್ತದೆ. ಮರಿಗೆ ಸುಮಾರು ಆರು ತಿಂಗಳಾದಾಗ ಅದು ತಾಯಿಯ ಚೀಲದಿಂದ ತಲೆ ಹೊರಗೆ ಹಾಕಿ, ಅವಳ ಹಿಂಬದಿಗೆ ಮೂತಿ ಒತ್ತುತ್ತದೆ. ಆಗ ತಾಯಿ ಎಂದಿನ ಗಟ್ಟಿ ಹಿಕ್ಕೆಯನ್ನಲ್ಲ, ಮೆತ್ತಗಿನ, ನೀರಾದ ಮಲವನ್ನು ಹೊರಬಿಡುತ್ತಾಳೆ. ಮರಿ ಮೂತಿಗೆಲ್ಲ ಮೆತ್ತಿಕೊಂಡು ಅದನ್ನು ತಿನ್ನುತ್ತದೆ. ವಿಷ ತುಂಬಿದ ನೀಲಗಿರಿ ಎಲೆ ಅರಗಿಸಿಕೊಳ್ಳಲು ಬೇಕಾದ ಸೂಕ್ಷ್ಮಜೀವಿಗಳು ಅದಕ್ಕೆ ಸಿಗುವುದು ಹೀಗೆ.

ಅಲ್ಲಿನ ಕೇಪ್ ಆಟ್ವೇಯಲ್ಲಿ 2013ರ ಹೊತ್ತಿಗೆ ಕೋಲಾಗಳು ತಮಗಿಷ್ಟವಾದ ಮ್ಯಾನಾ ಗಮ್ ಮರಗಳನ್ನು ಬೋಳು ಮಾಡಿ, ಹಸಿವಿನಿಂದ ಸತ್ತವು. ಪಕ್ಕದಲ್ಲೇ ಮೆಸ್‌ಮೇಟ್ ಎಂಬ ಇನ್ನೊಂದು ಜಾತಿಯ ನೀಲಗಿರಿ ಎಲೆ ತುಂಬಿ ನಿಂತಿತ್ತು. ಹೆಚ್ಚಿನವು ಅದನ್ನು ಮುಟ್ಟಲಿಲ್ಲ. ಆಮೇಲೆ ವಿಜ್ಞಾನಿಗಳು ಮೆಸ್‌ಮೇಟ್ ತಿನ್ನುವ ಕೋಲಾಗಳ ಹಿಕ್ಕೆಯಿಂದ ಮಾತ್ರೆ ಮಾಡಿ, ತಿನ್ನದವಕ್ಕೆ ನುಂಗಿಸಿದರು. ಯಾವುದರ ಕರುಳಿನ ಜೀವಿಗಳು ಜಾಸ್ತಿ ಬದಲಾದವೋ ಅದು ಮೆಸ್‌ಮೇಟ್ ಅನ್ನೂ ಜಾಸ್ತಿ ತಿಂದಿತು. 2019ರಲ್ಲಿ ಪ್ರಕಟವಾದ ಅಧ್ಯಯನ ಇದು. ಮರ ಇದ್ದರೆ ಸಾಲದು ಮೇಷ್ಟ್ರೇ, ಅದನ್ನು ಅರಗಿಸುವ ಹೊಟ್ಟೆಯೂ ಬೇಕು.

ಇನ್ನು ನಿಮ್ಮ ಕಾಳಿನ ವಿಷಯ. ದಯವಿಟ್ಟು ಹಾಕಬೇಡಿ. ಹಿಮ ಬೀಳುವ ನಾಡುಗಳಲ್ಲಿ ಚಳಿಗಾಲದಲ್ಲಿ ಜನ ಮರುಕದಿಂದ ಜಿಂಕೆಗಳಿಗೆ ಮುಸುಕಿನ ಜೋಳ ಸುರಿಯುತ್ತಾರೆ. ಆಗ ಜಿಂಕೆಯ ಹೊಟ್ಟೆಯಲ್ಲಿರುವುದು ಕಡ್ಡಿ, ತೊಗಟೆಗೆ ಒಗ್ಗಿದ ಸೂಕ್ಷ್ಮಜೀವಿಗಳು. ಒಮ್ಮೆಲೇ ಪಿಷ್ಟ ಬಂದು ಬಿದ್ದರೆ ಆಮ್ಲ ಮಾಡುವ ಬ್ಯಾಕ್ಟೀರಿಯಾ ಏರಿಬಿಡುತ್ತವೆ. ಹೊಟ್ಟೆ ಹುಳಿಯಾಗುತ್ತದೆ, ಆಮ್ಲ ರಕ್ತಕ್ಕೂ ಸೇರುತ್ತದೆ. ಒಂದೆರಡು ದಿನದಲ್ಲಿ ಜಿಂಕೆ ಸಾಯಬಹುದು. ಹೊಟ್ಟೆ ಕೊಯ್ದು ನೋಡಿದರೆ ತುಂಬ ಜೋಳ. ಮರುಕಪಟ್ಟವರ ಮನಸ್ಸು ಒಳ್ಳೆಯದೇ. ಆದರೆ ಸುಮ್ನೆ ಇದ್ದಿದ್ದರೆ ಆ ಪ್ರಾಣಿ ಬದುಕುತ್ತಿತ್ತೇನೋ.

ಮೃಗಾಲಯಗಳದ್ದೂ ಇದೇ ಕಥೆ. ಡೂಕ್ ಮತ್ತು ಹೌಲರ್ ಕೋತಿಗಳು ಸೆರೆಯಲ್ಲಿ ತಮ್ಮ ಕಾಡಿನ ಸೂಕ್ಷ್ಮಜೀವಿಗಳಲ್ಲಿ ಬಹುಪಾಲನ್ನು ಕಳೆದುಕೊಳ್ಳುತ್ತವೆ, ಅವುಗಳ ಕರುಳಿನ ಜೀವಿಗಳು ಇಂದಿನ ಮನುಷ್ಯರ ಕರುಳಿನ ಜೀವಿಗಳಂತಾಗುತ್ತವೆ ಎಂದು 2016ರ ಅಧ್ಯಯನವೊಂದು ತೋರಿಸಿತು. ಹತ್ತಾರು ಬಗೆಯ ಎಲೆ ತಿನ್ನುತ್ತಿದ್ದ ಜೀವಕ್ಕೆ ನಾವು ಕೊಡುವುದು ಬೆರಳೆಣಿಕೆಯ ತಿನಿಸು.

ನನಗೆ ಸಿಟ್ಟು ಬರುವುದು ಇಲ್ಲೇ. ವನ್ಯಜೀವಿ ವರದಿಗಳನ್ನು ತೆಗೆದು ನೋಡಿ, ಬರೀ ತಲೆ ಲೆಕ್ಕ. ಇಷ್ಟು ಹುಟ್ಟಿದವು, ಇಷ್ಟನ್ನು ಕಾಡಿಗೆ ಬಿಟ್ಟೆವು. ಬಾಟಲಿ ಹಾಲಲ್ಲಿ ಬೆಳೆದ ಮರಿಯನ್ನು ಕಾಡಿಗೆ ಬಿಡುವ ದಿನ ಫೋಟೋ ಬರುತ್ತದೆ, ಚಪ್ಪಾಳೆ ಬೀಳುತ್ತದೆ. ಅದರ ಕರುಳಲ್ಲಿ ಆ ಕಾಡಿನ ಎಲೆ ಅರಗಿಸುವ ಜೀವಿಗಳಿವೆಯೇ, ಬಿಡುವ ಮೊದಲು ಅದೇ ಎಲೆ ತಿನ್ನಿಸಿದ್ದಾರೆಯೇ, ಒಂದಾದರೂ ತನ್ನ ಜಾತಿಯ ದೊಡ್ಡ ಪ್ರಾಣಿಯ ಜೊತೆ ಅದು ಇತ್ತೇ ಎಂದು ಕೇಳುವವರು ಎಷ್ಟು ಜನ? ಮುಂದಿನ ಸಲ ಅಂಥ ಸುದ್ದಿ ಬಂದಾಗ ಈ ಮೂರು ಪ್ರಶ್ನೆಗಳನ್ನು ನಿಮ್ಮ ಮಕ್ಕಳಿಂದಲೇ ಬರೆಸಿ ಕಳಿಸಿ. ಅಚ್ಚು ಹಾಕುವ ಹೊಣೆ ನನ್ನದು.