ಬ್ರಿಟಿಷ್ ರಾಕ್ ಬ್ಯಾಂಡ್ ಲೆಡ್ ಜೆಪ್ಲಿನ್‌ನ ‘ಪ್ರೆಸೆನ್ಸ್’ ಆಲ್ಬಮ್ಮನ್ನು ಅಭಿಮಾನಿಗಳು ಈಗ ಯಾಕೆ ಇಷ್ಟು ಹೊಗಳುತ್ತಾರೆ?

ಮೊದಲು ಜನ ಅದರಲ್ಲಿ ಇಲ್ಲದ್ದನ್ನು ಹುಡುಕಿದರು. ಈಗ ಇರುವುದನ್ನು ಕೇಳುತ್ತಿದ್ದಾರೆ.

1976ರಲ್ಲಿ ಬಂದಾಗ ಬ್ರಿಟನ್, ಅಮೆರಿಕ ಎರಡೂ ಕಡೆ ಮೊದಲ ಸ್ಥಾನಕ್ಕೇರಿತ್ತು. ಆದರೆ ಬ್ಯಾಂಡಿನ ಹಿಂದಿನ ಆಲ್ಬಮ್‌ಗಳಷ್ಟು ಕಾಲ ಮಾರಾಟವಾಗಲಿಲ್ಲ. ಕೀಬೋರ್ಡ್ ಇಲ್ಲ, ಜಾನಪದದ ಮೆದು ಹಾಡುಗಳಿಲ್ಲ. ಹೆಚ್ಚುಕಡಿಮೆ ಗಿಟಾರ್, ಬೇಸ್, ಡ್ರಮ್ಸ್, ದನಿ ಇಷ್ಟೇ. ಬ್ಯಾಂಡಿನ ಹೆಸರಾಂತ ಹಾಡು ‘ಸ್ಟೇರ್‌ವೇ ಟು ಹೆವನ್’ ಥರದ್ದು ಬೇಕಿದ್ದವರಿಗೆ ನಿರಾಸೆಯಾಗಿದ್ದು ಸಹಜವೇ.

ಅದು ಹುಟ್ಟಿದ ರೀತಿ ಗೊತ್ತಾದರೆ ಕೇಳುವ ಕಿವಿಯೇ ಬದಲಾಗುತ್ತದೆ. 1975ರ ಆಗಸ್ಟ್‌ನಲ್ಲಿ ಗ್ರೀಸಿನ ರೋಡ್ಸ್ ದ್ವೀಪದಲ್ಲಿ ಬ್ಯಾಂಡಿನ ಗಾಯಕ ರಾಬರ್ಟ್ ಪ್ಲಾಂಟ್‌ಗೆ ಕಾರು ಅಪಘಾತವಾಗಿ ಕಾಲಿಗೆ ಜೋರು ಪೆಟ್ಟು ಬಿತ್ತು. ನವೆಂಬರ್‌ನಲ್ಲಿ ಮ್ಯೂನಿಕ್‌ನಲ್ಲಿ ಗಾಲಿಕುರ್ಚಿಯಲ್ಲಿ ಕೂತೇ ಹಾಡಿದರು. ಸುಮಾರು ಮೂರು ವಾರದೊಳಗೆ ಕೆಲಸ ಮುಗಿಯಬೇಕಿತ್ತು, ಯಾಕಂದ್ರೆ ಆಮೇಲೆ ಸ್ಟುಡಿಯೋವನ್ನು ಇನ್ನೊಂದು ಬ್ಯಾಂಡ್ ರೋಲಿಂಗ್ ಸ್ಟೋನ್ಸ್‌ಗೆ ಕಾಯ್ದಿರಿಸಲಾಗಿತ್ತು. ಆ ಅವಸರ, ಆ ಹಠ ರೆಕಾರ್ಡಿಂಗಿನಲ್ಲೇ ಕೇಳಿಸುತ್ತದೆ.

ಹತ್ತು ನಿಮಿಷ ಮೀರಿದ ‘ಅಕಿಲೀಸ್ ಲಾಸ್ಟ್ ಸ್ಟ್ಯಾಂಡ್’ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಬೇಸ್ ಕುದುರೆಯಂತೆ ಓಡುತ್ತಲೇ ಇರುತ್ತದೆ, ಅದರ ಮೇಲೆ ಜಿಮ್ಮಿ ಪೇಜ್ ಗಿಟಾರಿನ ಪದರಗಳನ್ನು ಒಂದೊಂದಾಗಿ ಪೇರಿಸುತ್ತಾರೆ. ಜಾನ್ ಬಾನ್‌ಹಮ್ ಡ್ರಮ್ಸ್ ಎಲ್ಲೂ ಸಡಿಲವಾಗುವುದಿಲ್ಲ. ನನ್ನ ಮಟ್ಟಿಗೆ ಅವರ ಅತ್ಯುತ್ತಮ ಹಾಡುಗಳಲ್ಲಿ ಇದೂ ಒಂದು.

ಎಲ್ಲ ಹಾಡೂ ಈ ಮಟ್ಟದ್ದಲ್ಲ. ‘ಕ್ಯಾಂಡಿ ಸ್ಟೋರ್ ರಾಕ್’ ಸುಮ್ನೆ ಬಂದು ಹೋಗುತ್ತದೆ. ‘ಫಾರ್ ಯುವರ್ ಲೈಫ್’ ಮಾತ್ರ ಕೇಳಿದಷ್ಟೂ ಹಿಡಿಸುತ್ತದೆ. ಅದನ್ನು ಬ್ಯಾಂಡ್ ಮೊದಲ ಸಲ ವೇದಿಕೆಯಲ್ಲಿ ನುಡಿಸಿದ್ದೇ 2007ರ ಲಂಡನ್ ಸಂಗೀತ ಕಛೇರಿಯಲ್ಲಿ. ಎಷ್ಟೋ ಜನ ಆಮೇಲೆ ಇಡೀ ಆಲ್ಬಮ್ ಮತ್ತೆ ಕೇಳಿರಬಹುದು.