ಗಿಡ್ಡ ಆಕಳ ಹಸಿ ಹಾಲು ಮಗುವಿಗೆ ಕೊಡಬಹುದೇ?

ಕಾಯಿಸಿದರೆ ಹಾಲಿನ ರೋಗನಿರೋಧಕ ಗುಣ ಹೋಗುತ್ತದೆ ಅಂತ ನಾನೂ ಒಂದು ಕಾಲಕ್ಕೆ ಮನೆಯವರ ಹತ್ತಿರ ವಾದ ಮಾಡುತ್ತಿದ್ದವನೇ. ಮಲೆನಾಡು ಗಿಡ್ಡ, ಜೆರ್ಸಿ, ಎಮ್ಮೆ, ಈ ಮೂರರಲ್ಲಿ ಯಾವುದರ ಹಸಿ ಹಾಲು ಮೂರು ವರ್ಷದ ಮಗುವಿಗೆ ಒಳ್ಳೆಯದು ಎಂದು ಕುಮಟಾದಿಂದ ಕೇಳಿದ್ದೀರಿ. ಯಾವುದೂ ಬೇಡ. ರೋಗಾಣು ತಳಿ ನೋಡಿ ಬರುವುದಿಲ್ಲ.

ಹಸಿ ಹಾಲಿಗೆ ರೋಗನಿರೋಧಕ ಗುಣ ಇದೆ ಅಂತ ನೀವು ಓದಿದ್ದು ಸುಳ್ಳೇನಲ್ಲ. ಹಾಲಿನ ಲ್ಯಾಕ್ಟೊಫೆರಿನ್ ಕಬ್ಬಿಣದ ಅಂಶವನ್ನು ಬ್ಯಾಕ್ಟೀರಿಯಾಕ್ಕೆ ಸಿಗದಂತೆ ಹಿಡಿದಿಡುತ್ತದೆ. ಲ್ಯಾಕ್ಟೊಪೆರಾಕ್ಸಿಡೇಸ್ ಎಂಬ ಕಿಣ್ವ ಥಯೊಸಯನೇಟ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬಳಸಿ, ಬ್ಯಾಕ್ಟೀರಿಯಾದ ಒಳಗಿನ ಕೆಲಸ ಕೆಡಿಸುವ ಹೈಪೊಥಯೊಸಯನೈಟ್ ತಯಾರಿಸುತ್ತದೆ. ಲೈಸೊಜೈಮ್ ತಾಯಿಹಾಲಿನಲ್ಲಿ ಧಾರಾಳ, ಆಕಳ ಹಾಲಿನಲ್ಲಿ ತೀರಾ ಅಲ್ಪ. ಪ್ರತಿಕಾಯಗಳು ಹೆಚ್ಚಿರುವುದು ಗಿಣ್ಣದ ಹಾಲಿನಲ್ಲಿ, ಅದೂ ಕರುವಿಗಾಗಿ.

ಎಲ್ಲರೂ ಎಡವುವುದು ಇದರ ಮುಂದೆ. ಇವು ಬ್ಯಾಕ್ಟೀರಿಯಾ ಬೆಳೆಯುವುದನ್ನು ತಡೆಹಿಡಿಯುತ್ತವೆ, ಹೆಚ್ಚಿನವನ್ನು ಕೊಲ್ಲುವುದಿಲ್ಲ. ತಡೆಯುವುದೂ ಕರೆದ ಮೇಲೆ ಎರಡು ಮೂರು ತಾಸು ಮಾತ್ರ. ಕೆಚ್ಚಲಿನಿಂದ ಹಾಲು ಬರುವಾಗಲೇ 37–38 ಡಿಗ್ರಿ ಇರುತ್ತದೆ. ಕರಾವಳಿಯ ಸೆಕೆಗೆ ಅದು ತಣಿಯುವುದಿಲ್ಲ. ಬೆಳಿಗ್ಗೆ ಆರಕ್ಕೆ ಕರೆದ ಹಾಲನ್ನು ಹತ್ತರವರೆಗೆ ತಂಬಿಗೆಯಲ್ಲೇ ಇಟ್ಟರೆ ಕಾವಲು ಮುಗಿದಿರುತ್ತದೆ. ಕೆಚ್ಚಲು ಬಾವಿನ ಆಕಳಿನಿಂದಲೋ ಕರೆಯುವವರ ಕೈಯ ಗಾಯದಿಂದಲೋ ಸ್ಟ್ಯಾಫಿಲೊಕಾಕಸ್ ಬಂದಿದ್ದರೆ ಅಷ್ಟರಲ್ಲಿ ಬೆಳೆದು ವಿಷ ಬಿಡುತ್ತದೆ. ಆಮೇಲೆ ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ವಿಷ ಉಳಿಯುತ್ತದೆ. ಕುಡಿದ ಒಂದರಿಂದ ಆರು ತಾಸಿನೊಳಗೆ ವಾಂತಿ ಶುರು. "ಕಾಯಿಸಿದ ಹಾಲೇ ಆಗಿ ಬರಲಿಲ್ಲ" ಅಂತ ಹಸಿ ಹಾಲಿಗೆ ತಿರುಗುವವರು ಹೆಚ್ಚಾಗಿ ಇಂಥವರೇ. ಸಂಜೆಯ ಬಿಸಿ ಹಾಲನ್ನು ಬೆಳಗಿನ ತಣ್ಣನೆ ಹಾಲಿಗೆ ಸುರಿಯುವುದೂ ಇದೇ ತಪ್ಪು: ಎರಡೂ ಬೆಚ್ಚಗಾಗುತ್ತವೆ.

ಫ್ರಿಜ್ ವ್ಯವಸ್ಥೆ ಇಲ್ಲದ ಕಡೆಗೆ, ಲ್ಯಾಕ್ಟೊಪೆರಾಕ್ಸಿಡೇಸಿನ ಇದೇ ಕಾವಲನ್ನು ಬಲಪಡಿಸಲು, ಆಹಾರದ ಅಂತರರಾಷ್ಟ್ರೀಯ ಮಾನದಂಡ ಮಾಡುವ ಕೋಡೆಕ್ಸ್ ಸಂಸ್ಥೆ 1991ರಲ್ಲಿ ಒಂದು ವಿಧಾನ ಕೊಟ್ಟಿದೆ: ಲೀಟರಿಗೆ 14 ಮಿಲಿಗ್ರಾಂ ಸೋಡಿಯಂ ಥಯೊಸಯನೇಟ್, 30 ಮಿಲಿಗ್ರಾಂ ಸೋಡಿಯಂ ಪರ್ಕಾರ್ಬೊನೇಟ್ ಹಾಕಿದರೆ 30 ಡಿಗ್ರಿಯಲ್ಲಿ ಏಳೆಂಟು ತಾಸು ಹಾಲು ತಡೆಯುತ್ತದೆ. ಅಷ್ಟು ಬಲಪಡಿಸಿದ ಹಾಲನ್ನೂ ಪಾಶ್ಚರೀಕರಿಸಲೇಬೇಕು, ಅಂದರೆ ರೋಗಾಣು ಸಾಯುವಷ್ಟು ಬಿಸಿ ಮಾಡಲೇಬೇಕು. (ಮನೆಯಲ್ಲಿ ಈ ಪ್ರಯೋಗ ಬೇಡ.)

ನನಗೆ ನಿಜವಾದ ಹೆದರಿಕೆ ಕಂದು ರೋಗದ್ದು, ಅಂದರೆ ಬ್ರುಸೆಲ್ಲೋಸಿಸ್. ಆಕಳು ಗಬ್ಬದ ಕೊನೆಯ ತಿಂಗಳುಗಳಲ್ಲಿ ಒಮ್ಮೆ ಕಂದು ಹಾಕುತ್ತದೆ (ಗರ್ಭಪಾತ ಆಗುತ್ತದೆ), ಮತ್ತೆ ನೋಡಲು ಚೆನ್ನಾಗಿಯೇ ಇರುತ್ತದೆ, ಹಾಲಿನಲ್ಲಿ ರೋಗಾಣು ಬರುತ್ತಲೇ ಇರಬಹುದು. ಮನುಷ್ಯರಿಗೆ ಬಂದು ಹೋಗುವ ಜ್ವರ, ರಾತ್ರಿ ಬೆವರು, ಸಂದು ನೋವು, ಅದೂ ಕುಡಿದು ವಾರಗಳೋ ತಿಂಗಳುಗಳೋ ಆದ ಮೇಲೆ. ಡಾಕ್ಟರಿಗೆ ಹಸಿ ಹಾಲಿನ ಸುದ್ದಿ ಹೇಳದಿದ್ದರೆ ಟೈಫಾಯ್ಡ್ ಅಂತಲೇ ಔಷಧಿ ನಡೆಯುತ್ತದೆ. ಹಾಲು ಕೊಡುವವರನ್ನು ಕೇಳಿ: ಕಂದು ಹಾಕಿದ್ದುಂಟೋ, ಹೆಣ್ಣುಕರುಗಳಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಲಸಿಕೆ ಹಾಕಿಸಿದ್ದಾರೋ. ಮಂಗನ ಕಾಯಿಲೆ ಹಾಲಿನಿಂದ ಹರಡಿದ್ದಕ್ಕೆ ಮಾತ್ರ ಪುರಾವೆ ಇಲ್ಲ, ಅದು ಉಣುಗಿನ ಕೆಲಸ.

ಕಿಣ್ವ ಉಳಿಯಲೇಬೇಕೆಂದರೆ ನೀರಿನ ಪಾತ್ರೆಯೊಳಗೆ ಹಾಲಿನ ಪಾತ್ರೆ ಇಟ್ಟು, ಅಡುಗೆಯ ಥರ್ಮಾಮೀಟರ್ ಹಿಡಿದು, 63 ಡಿಗ್ರಿಯಲ್ಲಿ ಪೂರ್ತಿ 30 ನಿಮಿಷ ಕೈಯಾಡಿಸಿ. ಮೇಲಿನ ನೊರೆ ತಣ್ಣಗಿರುತ್ತದೆ, ಅದನ್ನೂ ಒಳಗೆ ಸೇರಿಸುತ್ತಿರಿ. ಈ ಬಿಸಿಗೆ ಲ್ಯಾಕ್ಟೊಪೆರಾಕ್ಸಿಡೇಸ್ ಬಹುಪಾಲು ಉಳಿಯುತ್ತದೆ; 80 ದಾಟಿದರೆ ಕೆಡುತ್ತದೆ. ಆಮೇಲೆ ತಣ್ಣೀರಿನಲ್ಲಿಟ್ಟು, ನೀರು ಬೆಚ್ಚಗಾದಂತೆ ಬದಲಿಸಿ, ಬೇಗ ಫ್ರಿಜ್ಜಿಗೆ. ನನ್ನನ್ನು ಕೇಳಿದರೆ ಮಗುವಿಗಾಗಿ ಇಷ್ಟು ಒದ್ದಾಟ ಬೇಡ: ಹಾಲು ತಂದ ಕೂಡಲೇ ಉಕ್ಕು ಬರಿಸಿ, ಉರಿ ಸಣ್ಣ ಮಾಡಿ ಎರಡು ನಿಮಿಷ ಕುದಿಸಿದರೆ ಸಾಕು.

ಹಸಿ ಹಾಲಿಗೆ ಹೆಪ್ಪು ಹಾಕಿದ ಮೊಸರೂ ಬೇಡ. ಹುಳಿ ಬಂದ ಮಾತ್ರಕ್ಕೆ ಕಂದು ರೋಗದ ಅಣು ಸಾಯುವುದಿಲ್ಲ.